ಆರು ಲಕ್ಷದ ಡಾಲ್ಬಿ ಬೇಕೇ?

ಅಕ್ಕಾರ, ನಾ ಇಳಕಲ್ಲಿನಾವ, ವಯಸ್ಸು 29. ಗ್ರಾನೈಟ್ ಪಾಲಿಶ್ ಕಾರ್ಖಾನ್ಯಾಗ ಲೆಕ್ಕ ಬರಿಯೋ ಕೆಲಸ. ಅಪ್ಪ ಇನ್ನೂ ಕುಣಿಮಗ್ಗದಾಗ ಕುಂತು ಸೀರಿ ನೇಯ್ತಾರ. ನನಗ ಸಣ್ಣಾವ ಇದ್ದಾಗಿಂದ ಹಾಡಿನ ಹುಚ್ಚು. ನಾಕು ವರ್ಷದ ಹಿಂದ ಎರಡು ಟಾಪ್, ಎರಡು ಬೇಸ್, ಒಂದು ಆಂಪ್ಲಿಫೈಯರ್, ಸಣ್ಣ ಮಿಕ್ಸರ್, ನಾಕು ಲೈಟ್ ತಗೊಂಡೆ. ಶನಿವಾರ, ಆಯಿತವಾರ ಹುನಗುಂದ, ಬಾದಾಮಿ, ಬಾಗಲಕೋಟಿ ಕಡೆ ಬರ್ತ್‌ಡೇ, ಅರಿಷಿಣ, ಕಾಲೇಜ್ ಗ್ಯಾದರಿಂಗ್ ಮಾಡ್ತೀನಿ. ಖರ್ಚು ಕಳದು ಒಂದೀಟು ಉಳೀತದ. ಈಗ ಗೆಳೆಯಾ ಒಬ್ಬಾವ, ‘ಇಬ್ಬರೂ ಕೂಡಿ 6 ಲಕ್ಷ ಸಾಲ ತಗದು ಗಾಡಿಗೆ ದೊಡ್ಡ ಡಾಲ್ಬಿ ಕಟ್ಸೋಣು, ಗಣಪತಿ, ಜಯಂತಿ, ಜಾತ್ರಿ ಎಲ್ಲಾ ಹಿಡಿಯೋಣು’ ಅಂತಾನ. ಹೆಂಡ್ತಿ, ‘ಇದ್ದದ್ದನ್ನೂ ಮಾರಿಬಿಡ್ರಿ’ ಅಂತಾಳ. ಒಮ್ಮೆ ಓಣ್ಯಾಗ ಜಗಳಾಗಿ ಪೊಲೀಸರೂ ಬಂದಿದ್ರು. ಕಾರ್ಯಕ್ರಮ ಮುಗಿಸಿ ಬಂದ ರಾತ್ರಿ ಕಿವ್ಯಾಗ ಗುಂಯ್ ಅಂತದ. ಆದ್ರ ಬಿಡಾಕ ಮನಸಿಲ್ಲ. ಏನ್ ಮಾಡ್ಲಿ?
— ಹೆಸರು ಬೇಡ, ಇಳಕಲ್

ತಮ್ಮಾ, ಅಕ್ಕಾರ ಅಂತ ಕರೆದಿದ್ದೀ, ಆ ಸಲಿಗೆಯಲ್ಲೇ ಏಕವಚನದಲ್ಲಿ ಬರೆಯುತ್ತೇನೆ. ಮೊದಲು ಉತ್ತರ, ಆಮೇಲೆ ಕಾರಣ. ಇದ್ದದ್ದನ್ನು ಮಾರಬೇಡ. ಸಾಲವನ್ನೂ ಮಾಡಬೇಡ. ಗೆಳೆಯ ಬೆಳೆಸು ಅಂದ, ಹೆಂಡತಿ ಮಾರು ಅಂದಳು. ನಿನಗೆ ಇದರಲ್ಲಿ ಇಷ್ಟವಾದದ್ದು ಯಾವುದು ಅಂತ ಇಬ್ಬರೂ ಕೇಳಿದಂತೆ ಕಾಣಲಿಲ್ಲ. ಪತ್ರದಲ್ಲಿ ನೀನೇ ಬರೆದಿದ್ದೀ, ಹಾಡಿನ ಹುಚ್ಚು ಅಂತ. ದೊಡ್ಡ ಡಾಲ್ಬಿ ಕಟ್ಟಿದ ದಿನದಿಂದ ಹಾಡು ಆರಿಸುವ ಕೆಲಸ ನಿನ್ನ ಕೈಯಲ್ಲಿ ಉಳಿಯುವುದಿಲ್ಲ. ನೀನು ಸದ್ದನ್ನು ಬಾಡಿಗೆಗೆ ಕೊಡುವವನಾಗುತ್ತೀ. ಮೆರವಣಿಗೆಯಲ್ಲಿ ಯಾರೋ ಪೆನ್‌ಡ್ರೈವ್ ತಂದು ಚುಚ್ಚುತ್ತಾರೆ, ನೀನು ಡ್ರೈವರ್ ಪಕ್ಕ ಕೂತು ಜನರೇಟರಿನ ಡೀಸೆಲ್ ಎಷ್ಟಿದೆ ನೋಡುತ್ತೀ.

ನೀನು ಲೆಕ್ಕ ಬರೆಯುವವ, ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ. 6 ಲಕ್ಷಕ್ಕೆ ಶೇ 12ರ ಬಡ್ಡಿ, 5 ವರ್ಷದ ಅವಧಿ ಅಂದುಕೋ. ತಿಂಗಳ ಕಂತು 13,300 ರೂಪಾಯಿ ದಾಟುತ್ತದೆ, ಮುಗಿಯುವಾಗ ಕಟ್ಟಿದ್ದು ಸುಮಾರು 8 ಲಕ್ಷ. ಗಾಡಿಯ ವಿಮೆ, ಡೀಸೆಲ್, ಪೆಟ್ಟಿಗೆ ಎತ್ತುವ ಹುಡುಗರ ಪಗಾರ, ಸುಟ್ಟ ಸ್ಪೀಕರ್ ಕಾಯಿಲ್ ಇದರಲ್ಲಿ ಸೇರಿಲ್ಲ. ಆಷಾಢದಲ್ಲಿ ಯಾರೂ ಹಂದರ ಹಾಕುವುದಿಲ್ಲ, ಪಿತೃಪಕ್ಷದಲ್ಲಿ ಯಾರೂ ಫೋನ್ ಮಾಡುವುದಿಲ್ಲ, ಅಧಿಕ ಮಾಸ ಬಂದ ವರ್ಷ ಇನ್ನೊಂದು ತಿಂಗಳು ಖಾಲಿ. ಬ್ಯಾಂಕಿನವರು ಪಂಚಾಂಗ ನೋಡಿ ಕಂತು ಕೇಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಮದುವೆಯ ಖರ್ಚಿನಲ್ಲಿ ಮೊದಲು ಕತ್ತರಿ ಬೀಳುವುದೂ ಡಿಜೆಗೇ. ಊಟದ ಬುಂದೆಗಲ್ಲ.

ಕಂತಿನ ಭಾರ ತಲೆಯ ಮೇಲಿದ್ದವನಿಗೆ ‘ಈ ಕಾರ್ಯಕ್ರಮ ನನಗೆ ಬೇಡ’ ಅನ್ನುವ ಬಾಯಿ ಇರುವುದಿಲ್ಲ. ಈಗ ನಿನಗೆ ಅದು ಇದೆ. ಹವ್ಯಾಸಕ್ಕೆ ಅದಕ್ಕಿಂತ ದೊಡ್ಡ ಬಂಡವಾಳ ಯಾವುದು ಹೇಳು?

ಇನ್ನು ಸದ್ದಿನ ಪೈಪೋಟಿ. ಆಂಪ್ಲಿಫೈಯರಿನ ವ್ಯಾಟ್ ಎರಡು ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ‘ಎರಡು ಪಟ್ಟಾಯಿತು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. ಪಕ್ಕದೂರಿನವ ಎಂಟು ಬೇಸ್ ಹಾಕಿದ ಅಂತ ನೀನು ಹದಿನಾರು ಹಾಕಿದರೆ ಸಾಲ ಇಮ್ಮಡಿ ಆಗುತ್ತದೆ, ಕುಣಿಯುವವರಿಗೆ ವ್ಯತ್ಯಾಸ ಅಷ್ಟಕ್ಕಷ್ಟೇ. ಮುಂದಿನ ಸೀಸನ್‌ಗೆ ಇನ್ನೊಬ್ಬ ಇಪ್ಪತ್ತು ತರುತ್ತಾನೆ. ಇದಕ್ಕೆ ಕೊನೆ ಇಲ್ಲ.

ನಿನ್ನ ನಾಲ್ಕು ಪೆಟ್ಟಿಗೆಯಿಂದ ತೆಗೆಯಬಹುದಾದದ್ದು ಇನ್ನೂ ಬೇಕಾದಷ್ಟಿದೆ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಆದ್ದರಿಂದ ವಾಲ್ಯೂಮ್ ಏರಿಸುವ ಮೊದಲು ಪೆಟ್ಟಿಗೆಗಳನ್ನು ಕುಣಿಯುವ ಜಾಗಕ್ಕೆ ಹತ್ತಿರ ತಾ. ಟಾಪ್ ಎರಡನ್ನೂ ಸ್ಟ್ಯಾಂಡಿಗೇರಿಸಿ ತಲೆಗಿಂತ ಮೇಲಿಟ್ಟು, ಮುಖ ಸ್ವಲ್ಪ ಕೆಳಗೆ ಮಾಡು. ಮುಂದೆ ಕೂತ ಮುದುಕಿಯ ಕಿವಿ ಒಡೆಯುವುದಿಲ್ಲ, ಹಿಂದಿನವರಿಗೂ ಮಾತು ಸ್ಪಷ್ಟ. ಬೇಸನ್ನು ಮೂಲೆಗೆ ತಳ್ಳಬೇಡ, ಮೂಲೆಯಲ್ಲಿ ಅದು ಉಬ್ಬಿ ಬರೀ ಗುಮ್ಮನ್ನುತ್ತದೆ. ಬಾದಾಮಿಯಲ್ಲಿ ಗುಡ್ಡದ ಬುಡದ ಓಣಿಯಲ್ಲಿ ಕಾರ್ಯಕ್ರಮ ಇದ್ದರೆ ಬಂಡೆಗೆ ಬೆನ್ನು ಮಾಡಿ ಇಡು, ಇಲ್ಲದಿದ್ದರೆ ಹಾಡು ಬಂಡೆಗೆ ಬಡಿದು ನಿನ್ನ ಮೇಲೇ ತಿರುಗಿ ಬರುತ್ತದೆ.

ನಮ್ಮ ಜಿಲ್ಲೆಗೆ ಕುಣಿತ ಡಿಜೆ ಬಂದಮೇಲೆ ಬಂದದ್ದಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಬಣ್ಣದ ಬ್ಯಾರೆಲ್ ಹೊತ್ತ ಬಂಡಿಗಳು ಬೀದಿಗೆ ಬರುವ ಮೊದಲೇ ಹಲಗಿ ಸದ್ದು ಶುರುವಾಗಿರುತ್ತದೆ. ಒಳ್ಳೆಯ ಹಲಗಿ ಬಾರಿಸುವವನನ್ನು ಹತ್ತಿರದಿಂದ ನೋಡು. ಅವನ ಕಣ್ಣು ಹಲಗಿಯ ಮೇಲೆ ಇರುವುದಿಲ್ಲ, ಎದುರಿನವರ ಕಾಲಿನ ಮೇಲೆ ಇರುತ್ತದೆ. ಕಾಲು ಸೋತವು ಅನ್ನಿಸಿದಾಗ ಪೆಟ್ಟು ಬದಲಿಸುತ್ತಾನೆ, ಉಸಿರು ತಗೊಳ್ಳಲು ಬಿಡುತ್ತಾನೆ, ಮತ್ತೆ ಹಿಡಿಯುತ್ತಾನೆ. ಬನಶಂಕರಿ ಜಾತ್ರೆಗೆ ಬಂದು ಬೀಡುಬಿಡುವ ನಾಟಕ ಕಂಪನಿಗಳವರೂ ಹಾಗೇ. ಜನ ಜೋಲುತ್ತಿದ್ದಾರೆ ಅಂತ ಕಂಡರೆ ಹಾಸ್ಯದವನನ್ನು ಮುಂದೆ ಬಿಡುತ್ತಾರೆ. ನಿನ್ನ ಕೆಲಸ ಆ ಮನೆತನದ್ದು.

ಹುನಗುಂದದ ಒಂದು ಅರಿಷಿಣದ ಮನೆ ಕಣ್ಣಮುಂದೆ ತಂದುಕೋ. ಮದುಮಗಳ ಗೆಳತಿಯರು ಹೊಸ ಸಿನಿಮಾ ಹಾಡು ಕೇಳುತ್ತಾರೆ, ಹಾಕುತ್ತೀ. ಮೂರು ಹಾಡಾದ ಮೇಲೆ ಗೋಡೆಗೆ ಒರಗಿದ ಅತ್ತೆ, ಚಿಗವ್ವರತ್ತ ನೋಡಬೇಕು. ಇಳಕಲ್ ಸೀರೆಯ ಸೆರಗಿನ ಟೋಪ ತೆನಿ ಅರಿಷಿಣ ತಾಗೀತು ಅಂತ ಸೊಂಟಕ್ಕೆ ಸಿಕ್ಕಿಸಿ ನಿಂತಿರುತ್ತಾರೆ, ಕುಣಿಯುವ ಮನಸ್ಸಿದೆ, ಕರೆಯುವವರಿಲ್ಲ. ಆಗ ಒಂದು ಹಳೆಯ ಜಾನಪದ ಹಾಡು, ಬೇಸ್ ಇಳಿಸಿ, ದನಿ ಮುಂದೆ ತಂದು. ಒಬ್ಬಳು ಬಂದರೆ ಹತ್ತು ಜನ ಬರುತ್ತಾರೆ. ಹತ್ತು ನಿಮಿಷ ಮೈಕ್ ಅವರ ಕೈಗೇ ಕೊಟ್ಟು ಸೋಬಾನೆ ಹಾಡಿಸು. ಮೈಕ್ ಹಿಡಿದವರು ಪೆಟ್ಟಿಗೆಯ ಮುಂದೆ ಬರದಂತೆ ನೋಡಿಕೋ, ಕುಂಯ್ ಅಂತ ಕೂಗಿದರೆ ಅವರು ಮತ್ತೆ ಬಾಯಿ ತೆರೆಯುವುದಿಲ್ಲ. ಈ ಕೆಲಸ ಹದಿನಾರು ಬೇಸಿನ ಗಾಡಿಯಿಂದ ಆಗುವಂಥದ್ದಲ್ಲ, ಆ ಗಾಡಿ ಅಂಥ ಓಣಿಯೊಳಗೆ ತಿರುಗುವುದೂ ಇಲ್ಲ.

ಓಣಿಯ ಜಗಳದ ಬಗ್ಗೆ ಹೆಚ್ಚು ಬರೆದಿಲ್ಲ ನೀನು. ನಾನು ಕಾನೂನಿನಿಂದ ಹೇಳುತ್ತೇನೆ. ಕೇಂದ್ರದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಚ್ಚುವಂತಿಲ್ಲ. ಹಬ್ಬ-ಉತ್ಸವಕ್ಕೆ 12ರ ತನಕ ಸಡಿಲಿಕೆ ಕೊಡುವ ಅಧಿಕಾರ ಇರುವುದು ರಾಜ್ಯ ಸರಕಾರಕ್ಕೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಗಣಪತಿ ಕಮಿಟಿಯ ಅಧ್ಯಕ್ಷರಿಗೆ ಆ ಅಧಿಕಾರ ಇಲ್ಲ, ಅವರು ಎಷ್ಟೇ ಧೈರ್ಯ ಹೇಳಲಿ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಸಾರ್ವಜನಿಕ ಜಾಗದ ಅಂಚಿನಲ್ಲಿ ಅದಕ್ಕಿಂತ 10 ಹೆಚ್ಚು ಅಥವಾ 75, ಇವೆರಡರಲ್ಲಿ ಕಡಿಮೆ ಯಾವುದೋ ಅದು. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರಕಾರ ನಿಶ್ಶಬ್ದ ವಲಯ ಅಂತ ಘೋಷಿಸಬಹುದು. ಮಿತಿ ಮೀರಿದ ಸ್ಪೀಕರ್, ಆಂಪ್ಲಿಫೈಯರ್ ಜಪ್ತಿ ಮಾಡಲು ರಾಜ್ಯಗಳು ವ್ಯವಸ್ಥೆ ಮಾಡಬೇಕು ಅಂತ ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ಸಾಲದ ಪೆಟ್ಟಿಗೆ ಠಾಣೆಯ ಅಂಗಳದಲ್ಲಿ ಬಿದ್ದಿದ್ದರೂ ಕಂತಿನ ತಾರೀಖು ಬರುತ್ತದೆ.

ಮೊಬೈಲಿನ ಡೆಸಿಬಲ್ ಆ್ಯಪ್ ನೋಡಿ ‘ಮಿತಿಯಲ್ಲೇ ಇದೆ’ ಅಂತ ವಾದ ಮಾಡಲು ಹೋಗಬೇಡ. ನಿಯಮದ ಅಳತೆ ಎ-ಮಾಪಕದ್ದು, ಅದು ಬೇಸಿನ ಗುಮ್ಮನ್ನು ಕಡಿಮೆ ಲೆಕ್ಕ ಹಿಡಿಯುತ್ತದೆ. ಗೋಡೆ ದಾಟಿ ಪಕ್ಕದ ಮನೆಯ ಪಾತ್ರೆ ಅಲುಗಿಸುವುದು, ತೊಟ್ಟಿಲ ಕೂಸನ್ನು ಎಬ್ಬಿಸುವುದು ಅದೇ ಬೇಸ್. ಅಂಕಿ ನಿನ್ನ ಪರ ಇದ್ದರೂ ಪಕ್ಕದ ಮನೆಯವರ ಸಿಟ್ಟು ಸುಳ್ಳಲ್ಲ. ಕಾರ್ಯಕ್ರಮದ ಸಂಜೆ ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ, ಯಾರಿಗಾದರೂ ಹುಷಾರಿಲ್ಲವೇ, ಬಾಣಂತಿ ಇದ್ದಾಳೆಯೇ ಅಂತ ಕೇಳಿ, ಹತ್ತಕ್ಕೆ ಮುಚ್ಚುತ್ತೇನೆ ಅಂತ ಹೇಳಿ ಬಾ. ಹತ್ತಕ್ಕೆ ಮುಚ್ಚು. ಒಂಬತ್ತೂವರೆಗೇ ‘ಇನ್ನು ಐದು ಹಾಡು’ ಅಂತ ಮೈಕಿನಲ್ಲಿ ಹೇಳಿಬಿಟ್ಟರೆ ಜಗಳ ಅರ್ಧ ಕಡಿಮೆ. ಅನುಮತಿ ಪತ್ರ ತರುವ ಹೊಣೆ ಕಾರ್ಯಕ್ರಮದವರದು ಅಂತ ಸಂಚಕಾರ ತಗೊಳ್ಳುವಾಗಲೇ ಬರೆಸಿಕೋ, ಅದರ ಝೆರಾಕ್ಸ್ ನಿನ್ನ ಹತ್ತಿರ ಇರಲಿ.

ಕಿವಿಯ ಮಾತನ್ನು ನೀನು ಪತ್ರದ ಕೊನೆಗೆ ತಳ್ಳಿದ್ದೀ. ನನಗೆ ಎಲ್ಲಕ್ಕಿಂತ ಆತಂಕ ಆದದ್ದು ಅದೇ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧವಾಗುತ್ತಾ ಹೋಗಿ, 100 ಡೆಸಿಬಲ್‌ಗೆ ಬರುವಾಗ ಬರೀ 15 ನಿಮಿಷ. ಪೆಟ್ಟಿಗೆಯ ಪಕ್ಕ ಮೂರು ಗಂಟೆ ನಿಲ್ಲುವವ ನೀನು, ಹಗಲಿಗೆ ಬೇರೆ ಕಲ್ಲು ಕೊಯ್ಯುವ, ಉಜ್ಜುವ ಯಂತ್ರಗಳ ಸದ್ದು. ಒಳಗಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ, ಗುಂಯ್ ಅನ್ನುವುದು ಅದರ ಮುನ್ಸೂಚನೆ. ಔಷಧಿ ಅಂಗಡಿಯಲ್ಲಿ ಕಿವಿಗೆ ಹಾಕುವ ಫೋಮ್ ಪ್ಲಗ್ ಸಿಗುತ್ತದೆ, ಮುಂದಿನ ಕಾರ್ಯಕ್ರಮಕ್ಕೆ ಹೋಗುವ ಮೊದಲು ತಗೋ. ನಿನ್ನ ಮೇಜನ್ನು ಟಾಪ್‌ಗಳ ಹಿಂದೆ ಹಾಕಿಸು. ಈ ತಿಂಗಳೊಳಗೆ ಕಿವಿ-ಮೂಗು-ಗಂಟಲಿನ ಡಾಕ್ಟರಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೋ. ಬಾಗಲಕೋಟೆ ನವನಗರದ ಕುಮಾರೇಶ್ವರ ಆಸ್ಪತ್ರೆ ಮೆಡಿಕಲ್ ಕಾಲೇಜಿನದೇ, ದೂರ ಹೋಗಬೇಕಾಗಿಲ್ಲ.

ಕರೆಂಟಿನ ವಿಷಯ ಚುಟುಕಾಗಿ. ಕಂಬಕ್ಕೆ ಹುಕ್ ಹಾಕಿ ಕರೆಂಟ್ ಎಳೆಯುವ ಮನೆಯಾದರೆ ಪೆಟ್ಟಿಗೆ ಇಳಿಸಲೇಬೇಡ. ಅದು ಕಳವು, ಮೇಲೆ ಜೀವಕ್ಕೆ ಅಪಾಯ. ನಿನ್ನದೇ ಒಂದು ಬೋರ್ಡ್ ಮಾಡಿಸು, ಅದರಲ್ಲಿ ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಹೋಳಿಯಲ್ಲಿ, ಮಳೆಯಲ್ಲಿ ಒದ್ದೆ ಕೈಯವರು ವೈರ್ ಮುಟ್ಟದೇ ಇರುವುದಿಲ್ಲ. ಗಾಡಿಯ ಮೇಲೆ ಪೆಟ್ಟಿಗೆ ಪೇರಿಸಿ ಎತ್ತರ ಮಾಡುವವರು ತಲೆಯ ಮೇಲಿನ ವಿದ್ಯುತ್ ತಂತಿ ಮರೆಯುತ್ತಾರೆ. ನಿನ್ನ ಗೆಳೆಯನಿಗೆ ಇದನ್ನೂ ಹೇಳು.

ನೀನು ಕೇಳದ ಇನ್ನೊಂದು: ಹಾಡಿನ ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆಯ ಮೆರವಣಿಗೆಗೂ ಮದುವೆಗೆ ಸೇರಿದ ಸಂಭ್ರಮಗಳಿಗೂ ವಿನಾಯಿತಿ ಕೊಟ್ಟಿದೆ, ಅರಿಷಿಣಕ್ಕೆ ನೀನು ಹೆದರಬೇಕಾಗಿಲ್ಲ. ಹೊಟೇಲಿನ ಹೊಸವರ್ಷದ ಪಾರ್ಟಿ, ಟಿಕೆಟ್ ಹಚ್ಚಿದ ಕಾರ್ಯಕ್ರಮಕ್ಕೆ ಈ ವಿನಾಯಿತಿ ಇಲ್ಲ, ಅದರ ಲೈಸೆನ್ಸ್ ಕಾರ್ಯಕ್ರಮ ಮಾಡುವವರೇ ತಗೊಳ್ಳಲಿ.

ಈಗ ನಿನ್ನ ಮನೆಯಾಕೆ. ಮಾರಿಬಿಡ್ರಿ ಅಂದದ್ದು ಪೆಟ್ಟಿಗೆಯ ಮೇಲಿನ ಸಿಟ್ಟು ಅಂತ ನನಗೆ ಅನ್ನಿಸುವುದಿಲ್ಲ. ವಾರವಿಡೀ ಕಾರ್ಖಾನೆ, ಶನಿವಾರ-ಆಯಿತವಾರ ಕಾರ್ಯಕ್ರಮ, ಸೋಮವಾರ ನಿದ್ದೆಗಣ್ಣು. ಆಕೆಗೆ ಉಳಿದದ್ದು ಯಾವ ವಾರ? ನೀನು ಮನೆಗೆ ಬರುವುದು ಎಷ್ಟು ಹೊತ್ತಿಗೆ, ಯಾವ ಸ್ಥಿತಿಯಲ್ಲಿ ಅನ್ನುವುದನ್ನು ಬರೆದಿಲ್ಲ, ನಾನು ಊಹಿಸುವುದೂ ಇಲ್ಲ. ಆದರೆ ಈ ಕಸುಬಿನಲ್ಲಿ ಬಾಡಿಗೆಯ ಜೊತೆಗೆ ‘ಒಂದು ಪೆಗ್ ಹಾಕ್ರಿ’ ಅನ್ನುವ ಉಪಚಾರ ಇದ್ದೇ ಇರುತ್ತದೆ. ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿ ಜೋಳಿಗೆಗೆ ಹಾಕಿಸಿಕೊಂಡ ಡಾ. ಮಹಾಂತ ಶಿವಯೋಗಿಗಳ ಊರಿನವ ನೀನು. ಅವರ ಹುಟ್ಟುಹಬ್ಬ ಆಗಸ್ಟ್ 1ನ್ನು ರಾಜ್ಯ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ‘ನಾ ಇಳಕಲ್ಲಿನಾವ್ರೀ’ ಅಂದರೆ ನಮ್ಮ ಭಾಗದಲ್ಲಿ ಅಷ್ಟೇ ಸಾಕು, ಯಾರೂ ಒತ್ತಾಯ ಮಾಡುವುದಿಲ್ಲ.

ತಿಂಗಳಿಗೆ ಎರಡು ಕಾರ್ಯಕ್ರಮ, ಸೀಸನ್ನಿನಲ್ಲಿ ಮೂರು, ಅದಕ್ಕಿಂತ ಹೆಚ್ಚು ಹಿಡಿಯಬೇಡ. ಯಾವ ತಾರೀಖು ಅನ್ನುವುದನ್ನು ಒಪ್ಪುವ ಮೊದಲು ಆಕೆಯ ಹತ್ತಿರ ಕೇಳು, ಗಿರಾಕಿಗೆ ‘ಸಂಜೆ ತಿಳಿಸ್ತೀನಿ’ ಅನ್ನು. ಬಾಡಿಗೆಯ ಅರ್ಧ ಸಂಚಕಾರವಾಗಿ ಮೊದಲೇ ಬರಲಿ, ಉಳಿದರ್ಧ ಕೊನೆಯ ಹಾಡಿನ ಮೊದಲು. ಬೀಗರು ಊಟ ಮಾಡಿ ಹೋದಮೇಲೆ ಉದ್ರಿ ವಸೂಲಿ ಮಾಡಿದವರನ್ನು ನಾನಂತೂ ಕಂಡಿಲ್ಲ. ಈ ವ್ಯವಹಾರಕ್ಕೆ ಬೇರೆ ವಹಿ ಇಡು, ಅದು ಆಕೆಯ ಕೈಯಲ್ಲಿರಲಿ. ಉಳಿದದ್ದರಲ್ಲಿ ಒಂದು ಪಾಲು ರಿಪೇರಿಗೆ, ಒಂದು ಪಾಲು ಮನೆಗೆ. ಹೊಸ ಮಿಕ್ಸರ್ ಬೇಕಾದರೆ ಆ ವಹಿಯಲ್ಲಿ ದುಡ್ಡು ಕೂಡಿದಮೇಲೆ ತಗೋ.

ಗೆಳೆಯನಿಗೆ ‘ನೋಡೋಣು’ ಅನ್ನಬೇಡ. ನಮ್ಮ ಕಡೆ ನೋಡೋಣು ಅಂದರೆ ಹೂಂ ಅಂತ ತಿಳಿದು ನಾಳೆ ಬ್ಯಾಂಕಿಗೆ ಕರೆದುಕೊಂಡು ಹೋಗುತ್ತಾರೆ. ಜಂಟಿ ಸಾಲದಲ್ಲಿ ಒಬ್ಬ ಕೈಯೆತ್ತಿದರೆ ಪೂರ್ತಿ ಕಂತು ಇನ್ನೊಬ್ಬನ ತಲೆಗೆ, ಜಾಮೀನು ಹಾಕಿದರೂ ಅದೇ ಕಥೆ. ‘ಸಾಲಕ್ಕೆ ಸಹಿ ಮಾಡೂದಿಲ್ಲ, ಜಾಮೀನೂ ನಿಲ್ಲೂದಿಲ್ಲ. ನೀ ಗಾಡಿ ಕಟ್ಟಿಸಿದ್ರ ಪೂಜಾಕ್ಕ ಬರ್ತೀನಿ’ ಅನ್ನು. ಅವನು ಸಿಟ್ಟಾಗಬಹುದು. ಮದುವೆ ಸೀಸನ್ನಿನಲ್ಲಿ ಒಂದೇ ದಿನ ಎರಡು ಕಡೆ ಕರೆ ಬಂದಾಗ ನಿನಗೆ ಕೂಡದ ದೊಡ್ಡ ಕಾರ್ಯಕ್ರಮವನ್ನು ಅವನಿಗೆ ಕಳಿಸು, ಅವನಿಗೆ ಹೊಂದದ ಸಣ್ಣ ಅರಿಷಿಣ ನಿನ್ನ ಕಡೆ ಬರಲಿ. ಹಾಗೆ ಒಂದು ಸೀಸನ್ ನಡೆದರೆ ಗೆಳೆತನವೂ ಉಳಿಯುತ್ತದೆ.