ಗೋವೆಗೆ ಹೊರಡುವ ಮುನ್ನ

'ದೇಶ ಸುತ್ತು, ಕೋಶ ಓದು' ಎಂಬ ಗಾದೆ ನಮ್ಮಲ್ಲಿ ಬಹು ಕಾಲದಿಂದ ರೂಢಿಯಲ್ಲಿದೆ. ಇವೆರಡರಲ್ಲಿ ಒಂದನ್ನು ಮಾಡಿದರೆ ಸಾಕೆಂದು ಕೆಲವರು ಭಾವಿಸುವುದುಂಟು. ಆದರೆ ಕೋಶವನ್ನು ಓದದೆ ದೇಶವನ್ನು ಸುತ್ತಿದವನು ಕಣ್ಣಿದ್ದೂ ಕಾಣದವನಾಗಿ ಹಿಂದಿರುಗುತ್ತಾನೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕಡೆಯಿಂದ ಗೋವೆಗೆ ಪ್ರವಾಸ ಹೋಗುವವರು ಅನೇಕರು. ಹೋಗಿ ಬಂದವರನ್ನು "ಏನು ಕಂಡಿರಿ?" ಎಂದು ವಿಚಾರಿಸಿದರೆ, "ಸಮುದ್ರ ಕಂಡೆವು" ಎಂಬ ಒಂದೇ ಮಾತು ಬರುವುದುಂಟು. ಗೋವೆಯೆಂದರೆ ಕುಡಿತ, ಕುಣಿತ ಎಂದು ತಿಳಿದವರೂ ಇದ್ದಾರೆ. ನಾನ್ನೂರೈವತ್ತು ವರ್ಷಗಳ ಕಾಲ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದು, ಅವರ ಸಂಸ್ಕೃತಿಯನ್ನು ತನ್ನದರೊಡನೆ ಬೆರೆಸಿಕೊಂಡ ನಾಡನ್ನು ಅರಿಯಲು ಇಷ್ಟು ಸಾಲದು.

ಪೋರ್ಚುಗೀಸರ ಪ್ರಭಾವವನ್ನು ಅರಿಯುವ ಕೆಲಸವನ್ನು ನಮ್ಮ ಮನೆಯಿಂದಲೇ ಆರಂಭಿಸಬಹುದು. ನಮ್ಮ ಹಿತ್ತಲಿನ ಪರಂಗಿ ಗಿಡವನ್ನು ನೋಡಿರಿ. ಪರಂಗಿಯವರೆಂದರೆ ಐರೋಪ್ಯರು, ಹಣ್ಣು ಕಡಲಾಚೆಯಿಂದ ಬಂದುದೆಂಬುದನ್ನು ಅದರ ಹೆಸರೇ ಸಾರುತ್ತದೆ. ಸಾರಿಗೆ ಹಾಕುವ ಮೆಣಸಿನಕಾಯಿಯೂ ಅಮೆರಿಕ ಖಂಡದ್ದು. ಅದನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅದಕ್ಕೆ ಮೊದಲು ನಮ್ಮ ಹಿರಿಯರು ಖಾರಕ್ಕೆ ಕಾಳುಮೆಣಸನ್ನು ಬಳಸುತ್ತಿದ್ದರು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಸೇರಿಸಿ ಮೆಣಸಿನಕಾಯಿ ಎಂದರು. ಗೋಡಂಬಿಯ ಮರ, ಅನಾನಸುಗಳೂ ಹೀಗೆಯೇ ಬಂದವು. ಅಲಮಾರು, ಪೀಪಾಯಿ, ಪಾದ್ರಿ ಎಂಬ ಮಾತುಗಳ ಮೂಲ ಪೋರ್ಚುಗೀಸ್ ಭಾಷೆ. ಉತ್ತರ ಕರ್ನಾಟಕದವರು ಬೀಗದ ಕೈಗೆ ಚಾವಿಯೆಂದೂ ಸಂಬಳಕ್ಕೆ ಪಗಾರವೆಂದೂ ಹೇಳುತ್ತಾರೆ; ಅವೂ ಅದೇ ಮೂಲದವು. ನಾವು ಎಂದೂ ನೋಡದ ಜನರು ನಮ್ಮ ಅಡುಗೆಮನೆಗೂ ನಾಲಗೆಗೂ ಎಷ್ಟು ಸಮೀಪದವರು!

ಇನ್ನು ಗೋವೆಯ ಇತಿಹಾಸ. ಪೋರ್ಚುಗೀಸರಿಗೆ ಮೊದಲು ಆ ನಾಡನ್ನು ಕದಂಬರು ಆಳಿದ್ದರು. ಅವರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಇಂದಿಗೂ ಗೋವಾ ಸರ್ಕಾರದ ಬಸ್ಸುಗಳ ಮೇಲೆ 'ಕದಂಬ' ಎಂಬ ಹೆಸರನ್ನು ಕಾಣಬಹುದು. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಯ ಬಳಿ ಬಂದಿಳಿದನು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಬಿಜಾಪುರದ ಆದಿಲಶಾಹಿಗಳಿಂದ ಗೆದ್ದುಕೊಂಡನು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಗೋವೆಯ ಮೂಲಕ ಬರುತ್ತಿದ್ದವು. ವಿಜಯನಗರದ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟ ಪಾಯೆಸ್ ಮತ್ತು ನೂನಿಜರು ಪೋರ್ಚುಗೀಸರೇ. ಭಾರತದ ಮೊದಲ ಮುದ್ರಣಯಂತ್ರವೂ 1556ರಲ್ಲಿ ಗೋವೆಗೆ ಬಂದಿತು.

ಆದರೆ ಚರಿತ್ರೆಯನ್ನು ಓದುವವರು ಅದರ ಕಹಿಯನ್ನು ಮರೆಮಾಚಲಾಗದು. ಆಳುವವರ ಮತಕ್ಕೆ ಒಲಿಯದವರ ದೇವಾಲಯಗಳು ನೆಲಸಮವಾದವು. 1560ರಲ್ಲಿ ಸ್ಥಾಪಿತವಾದ ಧಾರ್ಮಿಕ ವಿಚಾರಣಾ ನ್ಯಾಯಾಲಯವು 1812ರಲ್ಲಿ ಕೊನೆಗಾಣುವವರೆಗೆ ಹಲವರನ್ನು ದಂಡಿಸಿತು. ಅನೇಕ ಕೊಂಕಣಿ ಕುಟುಂಬಗಳು ಮನೆಮಠ ತೊರೆದು ಕನ್ನಡ ಕರಾವಳಿಗೆ ಬಂದು ನೆಲಸಿದವು. ಅದೇ ಕರಾವಳಿಯಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ಚುಗೀಸರನ್ನು ಎದುರಿಸಿ ನಿಂತಳು. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಅವರು ಮಡಗಾಂವಿನಲ್ಲಿ ಸತ್ಯಾಗ್ರಹದ ಕಹಳೆಯೂದಿದರು. 1961ರ ಡಿಸೆಂಬರ್ 19ರಂದು ಗೋವೆ ವಿಮೋಚನೆಗೊಂಡಿತು. 1987ರಲ್ಲಿ ಪ್ರತ್ಯೇಕ ರಾಜ್ಯವಾಯಿತು.

ಇಷ್ಟನ್ನು ತಿಳಿದ ಮೇಲೆ ಪ್ರಯಾಣಕ್ಕೆ ಸಿದ್ಧರಾಗೋಣ. ನಮ್ಮ ಜಿಲ್ಲೆಯಿಂದ ರಸ್ತೆಯಲ್ಲಿ ಹೋಗುವವರು ನೆಲಮಂಗಲ, ತುಮಕೂರು, ಚಿತ್ರದುರ್ಗಗಳನ್ನು ದಾಟಿ ಹುಬ್ಬಳ್ಳಿಯ ಮಾರ್ಗ ಹಿಡಿಯಬಹುದು. ಯಶವಂತಪುರದಿಂದ ಹುಬ್ಬಳ್ಳಿ, ಲೋಂಡಾಗಳ ಮೂಲಕ ರೈಲೂ ಉಂಟು. ಈ ಹಳಿಯು ಪೋರ್ಚುಗಲ್ಲಿನ ರಾಜಮನೆತನದ ಹೆಸರನ್ನೇ ಹೊತ್ತ ಬ್ರಗಾಂಜಾ ಘಾಟಿಯನ್ನು ಇಳಿದು, ದೂಧಸಾಗರ ಜಲಪಾತದ ಎದುರಿನಲ್ಲಿಯೇ ಹಾದುಹೋಗುತ್ತದೆ. ಆ ಸೊಬಗನ್ನು ಗಾಡಿಯೊಳಗಿಂದ ಸವಿಯಬೇಕು. ಹಳಿಯ ಮೇಲೆ ನಡೆಯುವುದು ಅಪಾಯಕರ, ಅಪರಾಧವೂ ಹೌದು. ದೇವನಹಳ್ಳಿಯಿಂದ ವಿಮಾನದಲ್ಲಿ ಹೋಗುವವರು ತಾವಿಳಿಯುವುದು ದಾಬೋಳಿಯಲ್ಲೋ ಉತ್ತರದ ಮೋಪಾದಲ್ಲೋ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ಇವೆರಡೂ ಬಹಳ ದೂರದಲ್ಲಿವೆ.

ಮೊದಲು ನೋಡತಕ್ಕದ್ದು ಹಳೆಯ ಗೋವೆ. ಒಂದು ಕಾಲದಲ್ಲಿ ಸಿರಿಯಿಂದ ಮೆರೆದ ಈ ರಾಜಧಾನಿಯನ್ನು ರೋಗರುಜಿನಗಳು ಬರಿದುಮಾಡಿದವು. 1843ರಲ್ಲಿ ಪಣಜಿಯು ರಾಜಧಾನಿಯಾಯಿತು. ಉಳಿದ ಇಗರ್ಜಿಗಳಲ್ಲಿ 1605ರಲ್ಲಿ ಪೂರ್ಣಗೊಂಡ ಬೋಮ್ ಜೀಸಸ್ ಪ್ರಸಿದ್ಧವಾದುದು. ಹೊರಗೆ ಗಾರೆಯಿಲ್ಲದ ಕೆಂಪು ಮುರಕಲ್ಲು, ಒಳಗೆ ಚಿನ್ನದ ಲೇಪದ ಬಲಿಪೀಠ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಶರೀರವನ್ನು ಇಲ್ಲಿ ಬೆಳ್ಳಿಯ ಪೆಟ್ಟಿಗೆಯಲ್ಲಿ ಇರಿಸಿದ್ದಾರೆ. ಇಲ್ಲಿನ ಇಗರ್ಜಿಗಳು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಆದರೆ ಇವು ಇಂದಿಗೂ ಪೂಜೆ ನಡೆಯುವ ಸ್ಥಳಗಳೆಂಬುದನ್ನು ಮರೆಯಬಾರದು. ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯ ಮುಂದೆ ಹೊರಗಿನವರು ಬಂದು ಗದ್ದಲವೆಬ್ಬಿಸಿದರೆ ನಮಗೆ ನೋವಾಗದೆ? ಆದುದರಿಂದ ಮೈತುಂಬ ಬಟ್ಟೆ ತೊಟ್ಟು, ಪುರುಷರು ಟೋಪಿ ತೆಗೆದು, ಮೌನವಾಗಿ ಒಳಹೋಗಬೇಕು. ಪ್ರಾರ್ಥನೆಯ ವೇಳೆ ಚಿತ್ರ ತೆಗೆಯಬಾರದು.

ಪೋಂಡಾ ತಾಲ್ಲೂಕಿನ ಮಂಗೇಶಿ ದೇವಾಲಯವನ್ನೂ ನೋಡಬೇಕು. ಕುಶಸ್ಥಳಿಯಲ್ಲಿದ್ದ ಈ ದೇವರನ್ನು ಭಕ್ತರು 1560ರಲ್ಲಿ, ಆಗಿನ್ನೂ ಪೋರ್ಚುಗೀಸರ ವಶವಾಗದ ಈ ಸೀಮೆಗೆ ಸಾಗಿಸಿ ಕಾಪಾಡಿದರು. ಸೋಜಿಗವೆಂದರೆ, ಈ ಸೀಮೆಯ ದೇವಾಲಯಗಳಲ್ಲಿ ಗುಮ್ಮಟ, ಕಮಾನು, ತೂಗುದೀಪಗಳ ಐರೋಪ್ಯ ರೀತಿಯೂ ಕಾಣುತ್ತದೆ. ದಬ್ಬಾಳಿಕೆಯನ್ನು ತಾಳಿಕೊಂಡ ಜನ ದಬ್ಬಾಳಿಕೆಯನ್ನು ಬಿಟ್ಟು ಚೆಲುವನ್ನು ಮಾತ್ರ ಉಳಿಸಿಕೊಂಡರು.

ಪಣಜಿಯ ಫೊಂಟೈನ್ಹಾಸ್ ಕೇರಿಯಲ್ಲಿ ಹಳದಿ, ನೀಲಿ, ಕೆಂಪು ಬಣ್ಣದ ಹಳೆಯ ಮನೆಗಳಿವೆ. ಗೋವೆಯ ಹಳೆಯ ಮನೆಗಳ ಮುಂದೆ 'ಬಲ್ಕಾಂವ್' ಎಂಬ ಕಟ್ಟೆಯುಂಟು. ಸಂಜೆ ಮನೆಮಂದಿ ಅಲ್ಲಿ ಕುಳಿತು ನೆರೆಹೊರೆಯವರೊಡನೆ ಮಾತನಾಡುತ್ತಾರೆ. ನಮ್ಮ ಹಳ್ಳಿಯ ಜಗುಲಿಯ ನೆನಪಾಗುತ್ತದೆ. ಈಚೆಗೆ ಫೊಂಟೈನ್ಹಾಸಿನ ನಿವಾಸಿಗಳು ಪ್ರವಾಸಿಗಳಿಂದ ಬೇಸತ್ತಿದ್ದಾರೆ. ಹೊಸ್ತಿಲ ಮೇಲೆ ಕುಳಿತು, ಕಿಟಕಿಗೆ ಒರಗಿ ಚಿತ್ರ ತೆಗೆಸಿಕೊಳ್ಳುವವರ ಕಾಟ ತಾಳಲಾರದೆ, ಚಿತ್ರ ತೆಗೆಯಬೇಡಿರೆಂಬ ಫಲಕಗಳನ್ನು ಹಾಕಿದ್ದಾರೆ. ನಮ್ಮ ಜಗುಲಿಗೆ ಅಪರಿಚಿತರು ಕೇಳದೆ ಹತ್ತುವುದನ್ನು ನಾವು ಒಪ್ಪುತ್ತೇವೆಯೆ? ಕೇಳಿ ಒಪ್ಪಿಗೆ ಪಡೆದರೆ ಅತಿಥಿ, ಕೇಳದೆ ನುಗ್ಗಿದರೆ ಉಪದ್ರವಕಾರಿ.

ಮಧ್ಯಾಹ್ನ ಊಟದ ಅನಂತರ ಗೋವೆಯ ಅನೇಕ ಅಂಗಡಿಗಳು ಕೆಲವು ಗಂಟೆ ಮುಚ್ಚಿರುತ್ತವೆ. ಇದು ಸೋಮಾರಿತನವೆಂದು ಹಳಿಯದೆ ಕೊಳ್ಳುವುದನ್ನು ಬೆಳಗ್ಗೆಯೇ ಕೊಳ್ಳಬೇಕು. ಮುಂಜಾನೆ ಸೈಕಲ್ಲಿನ ಹಾರನ್ನು ಒತ್ತುತ್ತ ಬರುವ 'ಪೊದೇರ' ಬಿಸಿ ಬಿಸಿ ಪಾವ್ ಮಾರುತ್ತಾನೆ. ಪಾವ್ ಪೋರ್ಚುಗೀಸರು ಕಲಿಸಿದ ರೊಟ್ಟಿ. ಯಾರಾದರೂ ನೆರವಾದರೆ ಕೊಂಕಣಿಯಲ್ಲಿ 'ದೇವ್ ಬರೆಂ ಕರುಂ' ಎನ್ನಿರಿ. ದೇವರು ಒಳ್ಳೆಯದು ಮಾಡಲಿ ಎಂಬ ಈ ಮಾತೇ ಅಲ್ಲಿಯ ಕೃತಜ್ಞತೆ.

ಇನ್ನೆರಡು ಎಚ್ಚರಿಕೆಗಳು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಡಲು ಉಗ್ರವಾಗಿರುತ್ತದೆ, ಆಗ ನೀರಿಗಿಳಿಯಬಾರದು. ಬೇರೆ ಕಾಲದಲ್ಲಿಯೂ ಕೆಂಪು ಬಾವುಟ ಕಂಡಲ್ಲಿ ಇಳಿಯಕೂಡದು. ಕೆರೆಯಲ್ಲಿ ಈಜು ಕಲಿತವನಿಗೆ ಕಡಲಿನ ಸೆಳೆತ ತಿಳಿಯದು. ಎರಡನೆಯದಾಗಿ, ಬಸ್ಸಿನಲ್ಲಿ ಒಲೆ, ಪಾತ್ರೆಗಳನ್ನು ಒಯ್ದು ಬಯಲಿನಲ್ಲಿ ಅಡುಗೆ ಮಾಡುವ ರೂಢಿ ನಮ್ಮವರಲ್ಲುಂಟು. ಗೋವೆಯಲ್ಲಿ 2019ರಲ್ಲಿ ತಿದ್ದುಪಡಿಯಾದ ಕಾನೂನು ಪ್ರವಾಸಿ ತಾಣಗಳ ಬಯಲಿನಲ್ಲಿ ಅಡುಗೆ ಮಾಡುವುದನ್ನೂ ಮದ್ಯ ಸೇವಿಸುವುದನ್ನೂ ನಿಷೇಧಿಸಿದೆ. ಎಸೆದ ಎಲೆ, ಒಡೆದ ಸೀಸೆಗಳನ್ನು ಗುಡಿಸಬೇಕಾದವರು ಆ ಊರಿನವರಲ್ಲವೆ?

ಆಳಿದವರು ಹೋದರು, ಅವರು ಬಿಟ್ಟುಹೋದುದು ಗೋವೆಯವರದಾಯಿತು. ಮೆಣಸಿನಕಾಯಿ ಇಂದು ನಮ್ಮದೇ ಆಗಿರುವಂತೆ, ಇಗರ್ಜಿಯ ಗಂಟೆ, ಬಲ್ಕಾಂವಿನ ಹರಟೆ, ಮುಂಜಾನೆಯ ಪಾವ್ ಎಲ್ಲವೂ ಅಲ್ಲಿಯ ಜನರ ಬಾಳಿನ ಅಂಗಗಳು. ಅವನ್ನು ಬೆರಗಿನಿಂದ ಹೊಗಳುವುದಕ್ಕಿಂತಲೂ ಪರಕೀಯವೆಂದು ಜರಿಯುವುದಕ್ಕಿಂತಲೂ ಅರಿತು ಗೌರವಿಸುವುದು ಮೇಲು. ಪರರ ಊರಿನಲ್ಲಿ ನಾವು ನಡೆದುಕೊಳ್ಳುವ ರೀತಿಯಿಂದ ಅಲ್ಲಿಯವರು ನಮ್ಮ ಊರನ್ನು ಅಳೆಯುತ್ತಾರೆ.

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಪರಂಗಿ ಹಣ್ಣಿಗೆ ಆ ಹೆಸರು ಬರಲು ಕಾರಣವೇನು?
2. ಗೋವೆಯು ಎಂದು ವಿಮೋಚನೆಗೊಂಡಿತು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಂಗೇಶಿ ದೇವಾಲಯದ ಕಥೆಯಿಂದ ನಾವು ತಿಳಿಯುವುದೇನು?
2. ಫೊಂಟೈನ್ಹಾಸಿನ ನಿವಾಸಿಗಳು ಬೇಸತ್ತಿರುವುದು ಏಕೆ?

ಇ. ನಿಮ್ಮ ಊರಿಗೆ ಮೊದಲ ಬಾರಿ ಬರುವ ಪ್ರವಾಸಿಗೆ ಏನೇನು ತಿಳಿಸುವಿರಿ? ಒಂದು ಪುಟದಷ್ಟು ಬರೆಯಿರಿ.