ದಿನ ತುಂಬಿದರೂ ನೋವಿಲ್ಲ

ತಂಗಿ, ಕೋಡ್ಲಾದಿಂದ ಬಂದ ನಿಮ್ಮ ಪತ್ರದಲ್ಲಿ ನಿಮ್ಮ ಭಯಕ್ಕಿಂತ ಅತ್ತೆಯ ಮಾತೇ ಹೆಚ್ಚಿದೆ! 40 ವಾರದ ಮೇಲೆ ನಾಲ್ಕು ದಿನವಾದರೆ ಗಾಬರಿ ಬೇಡ. ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್‌ನ ತಾರೀಖನ್ನೇ ನಂಬಿ. 41 ವಾರ ತುಂಬಿದ ಮೇಲೆ ನೋವು ಬರಿಸುವುದು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವ ಕ್ರಮ. ಗರ್ಭಕಂಠ ಮೆದುವಾಗಲು ಮಾತ್ರೆ ಇಲ್ಲವೇ ಸಣ್ಣ ಬಲೂನು, ಬೇಕಾದರೆ ಬಳಿಕ ಆಕ್ಸಿಟೋಸಿನ್ ಡ್ರಿಪ್. ಚೊಚ್ಚಲಿಗೆ ಒಂದೆರಡು ದಿನ ಹಿಡಿದರೂ ಅಚ್ಚರಿಯಿಲ್ಲ. ಹಿಂದೆ ಸಿಸೇರಿಯನ್ ಆಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಮನೆಯಲ್ಲೇ ಯಾರಿಂದಲೋ ‘ನೋವಿನ ಇಂಜೆಕ್ಷನ್’ ಹಾಕಿಸುವುದು ಮಾತ್ರ ಬೇಡವೇ ಬೇಡ, ಗರ್ಭಕೋಶ ಒಡೆದೀತು. ಸೇಡಂ ಆಸ್ಪತ್ರೆಯಲ್ಲಿ ರಾತ್ರಿ ಸಿಸೇರಿಯನ್ ಮಾಡುತ್ತಾರೋ, ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಹೋಗಬೇಕೋ, ಈಗಲೇ ಕೇಳಿಡಿ. ಕೂಸಿನ ಮಿಸುಕಾಟ ಕಡಿಮೆಯಾದರೆ, ನೀರು ಹೋದರೆ, ರಕ್ತ ಕಂಡರೆ ತಾರೀಖಿಗೆ ಕಾಯದೆ 108ಕ್ಕೆ ಕರೆ ಮಾಡಿ.