ಬಾನೆಟ್ಟಿನ ಕೆಳಗಿನ ಬೆಳಕು: ದುರಸ್ತಿ ದೀಪವನ್ನು ಆರಿಸುವ ಬಗೆ

ನಮ್ಮ ಸದಸ್ಯರಲ್ಲಿ ಅನೇಕರ ಮನೆಯಲ್ಲಿ ಇಂದು ಒಂದು ಜೀಪೋ, ಪಿಕಪ್ಪೋ, ಹಳೆಯ ಕಾರೋ ಇದೆ. ಪೇಟೆಯ ಗ್ಯಾರೇಜು ದೂರ. ಆದುದರಿಂದ ಫ್ಯಾನ್ ಬೆಲ್ಟು ಬದಲಿಸುವುದು, ಬ್ಯಾಟರಿಯ ಟರ್ಮಿನಲ್ ಉಜ್ಜುವುದು, ಸೋರುವ ಹೋಸ್ ಪೈಪಿಗೆ ಕ್ಲಿಪ್ಪು ಬಿಗಿಯುವುದು ಮುಂತಾದ ಸಣ್ಣ ಕೆಲಸಗಳನ್ನು ನಾವೇ ಮಾಡಿಕೊಳ್ಳುತ್ತೇವೆ. ಇಂತಹ ಕೆಲಸಕ್ಕೆ ಬಿಡುವು ಸಿಗುವುದು ಹೆಚ್ಚಾಗಿ ಕತ್ತಲಾದ ಮೇಲೆ. ಆಗ ಕೈಗೆ ಬರುವುದು ಮೊಬೈಲಿನ ದೀಪ, ಇಲ್ಲವೆ ಮನೆಯ ಪ್ಲಗ್ಗಿನಿಂದ ಎಳೆದ ವೈರಿನ ತುದಿಯ ಬಲ್ಬು. ಮೊದಲನೆಯದು ಕೆಲಸಕ್ಕೆ ಸಾಲದು. ಎರಡನೆಯದು ಜೀವಕ್ಕೆ ಎರವಾದೀತು.

ವಿಜಯಪುರ ಸೀಮೆಯಲ್ಲಿ ಕಂಡದ್ದು

ಉತ್ತರಕ್ಕೆ ಹೋಗುವ ಲಾರಿಗಳ ದಾರಿಗಳಲ್ಲೊಂದಾದ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯು ವಿಜಯಪುರ ನಗರದ ಮೂಲಕ ಹಾಯುತ್ತದೆ. ನಗರದ ಪಶ್ಚಿಮಕ್ಕಿರುವ ತಿಕೋಟಾ ಮತ್ತು ನೈಋತ್ಯದ ಬಬಲೇಶ್ವರ ತಾಲ್ಲೂಕುಗಳು ದ್ರಾಕ್ಷಿ, ಒಣದ್ರಾಕ್ಷಿಗಳಿಗೆ ಹೆಸರಾದವು. ಬೆಳೆ ಬೇರೆಯಾದರೂ ಬೆಳೆಗಾರನ ಚಿಂತೆ ಒಂದೇ. ಫ್ರಾನ್ಸಿನಲ್ಲಿ 1885ರಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ ಪರಿಹಾರವೆಂದು ಪ್ರಕಟವಾದ ಬೋರ್ಡೋ ದ್ರಾವಣವೇ ಇಂದು ನಮ್ಮ ಅಡಿಕೆಯ ಕೊಳೆರೋಗಕ್ಕೂ ಆಸರೆ. ಎರಡೂ ಕಡೆ ಮೋಡ ಕಟ್ಟಿದಾಗ ಸಿಂಪರಣೆ ಒಂದು ದಿನ ತಪ್ಪಿದರೂ ಬೆಳೆ ಕೈಬಿಡಬಹುದು. ಅಲ್ಲಿ ಟ್ರ್ಯಾಕ್ಟರು ಕೆಟ್ಟು ನಿಂತರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ರಾತ್ರಿಯೇ ಪಾನಾ ಹಿಡಿದು ಕೂರಬೇಕು. ನಾವು ಆ ಕಡೆ ಹೋಗಿದ್ದಾಗ ಒಳ್ಳೆಯ ಮಿಸ್ತ್ರಿಗಳು ದೀಪಕ್ಕೂ ಪಾನಾದಷ್ಟೇ ಬೆಲೆ ಕೊಡುವುದನ್ನು ಗಮನಿಸಿದೆವು. ಎಷ್ಟು ವಾಟ್ ಎಂದು ಕೇಳುವುದಕ್ಕೆ ಮೊದಲು ಅವರು ಕೇಳುವುದು, ಅದನ್ನು ಎಲ್ಲಿ ನಿಲ್ಲಿಸಬಹುದು, ಎಲ್ಲಿಂದ ವಿದ್ಯುತ್ ಪಡೆಯುತ್ತದೆ ಎಂದು. ದೀಪವನ್ನು ಆರಿಸುವ ಕ್ರಮವೂ ಇದೇ ಆಗಿರಬೇಕು.

ಮೊದಲು ವಿದ್ಯುತ್ತಿನ ಮೂಲ

230 ವೋಲ್ಟಿನ ದೀಪವನ್ನು ಬಾನೆಟ್ಟಿನ ಕೆಳಗೆ ಒಯ್ಯಬಾರದು. ಒದ್ದೆ ನೆಲ, ಬೆವರಿದ ಕೈ, ಸುತ್ತ ಬರಿಯ ಲೋಹ. ವೈರಿನ ರಬ್ಬರು ಎಲ್ಲಿಯಾದರೂ ಸವೆದಿದ್ದರೆ ಇಡೀ ವಾಹನಕ್ಕೇ ಕರೆಂಟು ತಗುಲುತ್ತದೆ. ಅನಿವಾರ್ಯವಾದರೆ 30 ಮಿಲಿಆಂಪಿಯರ್ ಸೋರಿಕೆಗೆ ಕಡಿತವಾಗುವ ಆರ್.ಸಿ.ಸಿ.ಬಿ. ಇರುವ ಲೈನಿನಿಂದಲೇ ತೆಗೆದುಕೊಳ್ಳತಕ್ಕದ್ದು. ಹಳೆಯ ತಂತಿ ಬಲ್ಬು ಇನ್ನೂ ಅಪಾಯಕರ. ಅದು ಬಳಸುವ ವಿದ್ಯುತ್ತಿನ ಬಹುಪಾಲು ಶಾಖವಾಗುತ್ತದೆ. ಕಾದ ಗಾಜಿನ ಮೇಲೆ ನೀರು ಸಿಡಿದರೆ ಬಲ್ಬು ಒಡೆಯುತ್ತದೆ. ಪೆಟ್ರೋಲು ಸಿಡಿದರೆ ಬೆಂಕಿ ಹತ್ತುತ್ತದೆ.

ವಾಹನದ ಬ್ಯಾಟರಿಗೇ ಕ್ಲಿಪ್ಪು ಹಾಕುವ 12 ವೋಲ್ಟಿನ ಎಲ್.ಇ.ಡಿ. ದೀಪವು ಅಗ್ಗ ಮತ್ತು ಸುರಕ್ಷಿತ. ಹತ್ತು ವಾಟಿನ ದೀಪಕ್ಕೆ ಒಂದು ಆಂಪಿಯರ್ ಸಹ ಬೇಡ. ಆದರೆ ಕ್ಲಿಪ್ಪಿನ ಸಮೀಪ ವೈರಿಗೆ ಫ್ಯೂಸು ಇರಲೇಬೇಕು. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುವುದರಿಂದ, ಬರಿಯ 12 ವೋಲ್ಟಿನ ದೀಪ ಅಲ್ಲಿ ಸುಟ್ಟುಹೋಗುತ್ತದೆ. ಎರಡಕ್ಕೂ ಹೊಂದುವ ದೀಪಗಳು ದೊರೆಯುತ್ತವೆ.

ಚಾರ್ಜಾಗುವ ಬ್ಯಾಟರಿ ಒಳಗೇ ಇರುವ ದೀಪ ಮೂರನೆಯ ಬಗೆ. ವೈರಿಂಗಿನ ಕೆಲಸಕ್ಕೆ ವಾಹನದ ಬ್ಯಾಟರಿಯನ್ನು ಕಳಚಬೇಕಾದಾಗ ಮತ್ತು ಬ್ಯಾಟರಿಯೇ ಸತ್ತಿರುವಾಗ ಇದೇ ಗತಿ. ಒಂದೇ ದೀಪ ಕೊಳ್ಳುವವರು ಇದನ್ನು ಕೊಳ್ಳುವುದು ಲೇಸು.

ಎಷ್ಟು ಬೆಳಕು, ಎಂತಹ ಬೆಳಕು

ಬೆಳಕಿನ ಅಳತೆ ಲ್ಯೂಮೆನ್. ವಾಟ್ ಎಂಬುದು ವಿದ್ಯುತ್ತಿನ ಖರ್ಚು ಮಾತ್ರ. ಹಳೆಯ 60 ವಾಟ್ ಬಲ್ಬು ಸುಮಾರು 700ರಿಂದ 800 ಲ್ಯೂಮೆನ್ ಕೊಡುತ್ತಿತ್ತು. ಎಂಟು ಒಂಬತ್ತು ವಾಟಿನ ಎಲ್.ಇ.ಡಿ. ಅಷ್ಟನ್ನೇ ಕೊಡುತ್ತದೆ. ಹತ್ತಿರದ ಕೆಲಸಕ್ಕೆ 300ರಿಂದ 500 ಲ್ಯೂಮೆನ್ ಧಾರಾಳ. ದೀಪವನ್ನು ಒಂದು ಅಡಿಯಿಂದ ಎರಡು ಅಡಿ ದೂರಕ್ಕೆ ಸರಿಸಿದರೆ ಬೀಳುವ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದುದರಿಂದ ದೂರದ ದೊಡ್ಡ ದೀಪಕ್ಕಿಂತ ಹತ್ತಿರದ ಸಣ್ಣ ದೀಪ ಮೇಲು. ಪ್ರಖರ ದೀಪ ಲೋಹದ ಮೇಲೆ ಮಿನುಗಿ ಕಣ್ಣು ಕೋರೈಸುತ್ತದೆ. ಸಾಧ್ಯವಿದ್ದರೆ ಎರಡು ಸಣ್ಣ ದೀಪಗಳನ್ನು ಎರಡು ಬದಿಗಿಟ್ಟರೆ ನಮ್ಮದೇ ಕೈಯ ನೆರಳು ಅಡ್ಡ ಬರುವುದಿಲ್ಲ.

ಬಣ್ಣ ತಿಳಿಯುವುದೂ ಮುಖ್ಯ. ಕಂಪಾರ್ಟ್‌ಮೆಂಟಿನ ತಳದಲ್ಲಿ ಕಂಡ ಹನಿ ಕೂಲಂಟೋ, ಎಂಜಿನ್ ಆಯಿಲ್ಲೋ, ಬರಿಯ ನೀರೋ ಎಂದು ತಿಳಿಯಬೇಕಾದರೆ, ಕೆಂಪು ವೈರು ಕಂದಾಗಿ ಕಾಣದಿರಬೇಕಾದರೆ, ಸಿ.ಆರ್.ಐ. ಎಂಬ ಅಂಕೆ 80ಕ್ಕಿಂತ ಕಡಿಮೆ ಇರಕೂಡದು. 90 ಇದ್ದರೆ ಉತ್ತಮ. ಬೆಳಕಿನ ವರ್ಣ 4000ದಿಂದ 5000 ಕೆಲ್ವಿನ್ ಹಗಲಿನಂತೆ ಹಿತವಾಗಿರುತ್ತದೆ.

ಕೈಬಿಟ್ಟು ನಿಲ್ಲುವ ದೀಪ

ಒಬ್ಬರೇ ಕೆಲಸ ಮಾಡುವವರಿಗೆ ಇದೇ ದೊಡ್ಡ ಗುಣ. ಕೊಕ್ಕೆ, ಆಯಸ್ಕಾಂತ, ತಿರುಗುವ ಕತ್ತು ಈ ಮೂರೂ ಇರಲಿ. ಆಯಸ್ಕಾಂತ ಉಕ್ಕಿಗೆ ಮಾತ್ರ ಅಂಟುತ್ತದೆ. ಅಲ್ಯೂಮಿನಿಯಂ ಬಾನೆಟ್ಟಿಗೂ ಪ್ಲಾಸ್ಟಿಕ್ಕಿಗೂ ಕೊಕ್ಕೆಯೇ ಬೇಕು. ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದ್ದರೆ ಬಣ್ಣ ಗೀಚುತ್ತದೆ, ಬಟ್ಟೆಯಿಂದ ಒರೆಸಿಡಬೇಕು. ಬಾನೆಟ್ಟಿನ ಅಗಲಕ್ಕೆ ಹಿಗ್ಗಿ ಎರಡು ತುದಿಗಳಲ್ಲಿ ಕೊಕ್ಕೆ ಹಿಡಿಯುವ ಉದ್ದನೆಯ ದೀಪ ಗ್ಯಾರೇಜಿಗೆ ತಕ್ಕದ್ದು. ಮನೆಗೆ, ತಲೆಗೆ ಕಟ್ಟುವ ದೀಪವೊಂದು ಜೊತೆಗಿದ್ದರೆ ಕಣ್ಣು ಹೋದಲ್ಲಿ ಬೆಳಕು ಹೋಗುತ್ತದೆ.

ಧೂಳು, ನೀರು, ಬಿಸಿಲು

ಪೊಟ್ಟಣದ ಮೇಲೆ ಐ.ಪಿ. 54, ಐ.ಪಿ. 65 ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲಿನದು ಧೂಳಿನಿಂದ, ಎರಡನೆಯದು ನೀರಿನಿಂದ ರಕ್ಷಣೆಯ ಮಟ್ಟ. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅಲ್ಲಿಯ ಎರೆಮಣ್ಣಿನ ಧೂಳಿಗೆ ಮೊದಲ ಅಂಕಿ ದೊಡ್ಡದಿರಬೇಕು. ಮಲೆನಾಡಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುವ ಊರುಗಳಿವೆ. ನಾವು ಎರಡನೆಯ ಅಂಕಿಯನ್ನು ನೋಡಬೇಕು. 4 ಎಂದರೆ ಸಿಡಿಯುವ ಹನಿ ತಡೆಯುತ್ತದೆ, 5 ಎಂದರೆ ನೀರಿನ ಧಾರೆಯನ್ನೂ ತಡೆಯುತ್ತದೆ. 65 ಇದ್ದರೆ ಎರಡೂ ಸೀಮೆಗೆ ಸಾಕು.

ಲಿಥಿಯಂ ಬ್ಯಾಟರಿಗೆ ಶಾಖ ಆಗದು. ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಚಾರ್ಜು ಮಾಡಬಾರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಬಿಸಿಲಿಗೆ ನಿಂತ ಮುಚ್ಚಿದ ವಾಹನದೊಳಗೆ ದೀಪ ಬಿಟ್ಟರೆ ಅದರ ಆಯುಷ್ಯ ಮುಗಿದಂತೆ. ನಮ್ಮಲ್ಲಿಯೂ ಡ್ಯಾಶ್‌ಬೋರ್ಡಿನ ಮೇಲೆ ಇಡುವ ಅಭ್ಯಾಸ ಬೇಡ.

ಅಂಗಡಿಯಲ್ಲಿ ಪರೀಕ್ಷೆ

ಬ್ಯಾಟರಿಯ ಹೇಳಿಕೆಯನ್ನು ಲೆಕ್ಕ ಹಾಕಿ ನೋಡಿ. ಒಳಗಿನ ಬೆರಳುದ್ದದ ಸೆಲ್ಲು ಸಾಮಾನ್ಯವಾಗಿ 3.7 ವೋಲ್ಟ್, 2000ದಿಂದ 3500 ಮಿಲಿಆಂಪಿಯರ್-ಅವರ್. ಅಂತಹ ಒಂದೇ ಸೆಲ್ಲಿಗೆ 9000 ಎಂದು ಬರೆದಿದ್ದರೆ ನಂಬಬೇಡಿ. 2600ರ ಸೆಲ್ಲಿನಲ್ಲಿ ಸುಮಾರು ಒಂಬತ್ತೂವರೆ ವಾಟ್-ಅವರ್ ಶಕ್ತಿ. ಐದು ವಾಟಿನ ದೀಪ ಎರಡು ಗಂಟೆಯೊಳಗೆ ಆರುತ್ತದೆ. ಕೆಂಪು, ಕಂದು, ಕೇಸರಿ ವೈರಿನ ಮೂರು ತುಂಡುಗಳನ್ನು ಜೇಬಿನಲ್ಲಿ ಒಯ್ದು ದೀಪದ ಕೆಳಗೆ ಹಿಡಿಯಿರಿ. ಬೇರೆ ಬೇರೆಯಾಗಿ ಕಾಣದಿದ್ದರೆ ಅಂತಹ ದೀಪ ಬೇಡ. ಹತ್ತು ನಿಮಿಷ ಉರಿಸಿ ಕೈಗೆ ಎಷ್ಟು ಬಿಸಿಯಾಗುತ್ತದೆಂದು ನೋಡಿ.

ಮರೆಯಬಾರದ ಎಚ್ಚರಿಕೆಗಳು

1. ಚಾರ್ಜಾಗುವ ವಾಹನದ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ಶೇಕಡಾ 4ರಷ್ಟಾದರೂ ಕಿಡಿಗೆ ಸಿಡಿಯುತ್ತದೆ. ಕೆಂಪು ಕ್ಲಿಪ್ಪನ್ನು ಮೊದಲು ಪ್ಲಸ್ಸಿಗೆ, ಕಪ್ಪನ್ನು ಬ್ಯಾಟರಿಯಿಂದ ದೂರದ ಎಂಜಿನ್ ಲೋಹಕ್ಕೆ ಹಾಕಬೇಕು. ತೆಗೆಯುವಾಗ ಕಪ್ಪು ಮೊದಲು.

2. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಗುಂಡಿಯಲ್ಲಿ ಕೂಡಿಕೊಳ್ಳುತ್ತದೆ. ಎಲ್.ಇ.ಡಿ. ಆದರೂ ಸಾಮಾನ್ಯ ದೀಪವನ್ನು ಅಲ್ಲಿಗೆ ಇಳಿಸಬಾರದು.

3. ಕೆಲವು ದೀಪಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ. ತಿರುಗುವ ಫ್ಯಾನು ನಿಂತಂತೆ ಕಾಣಬಹುದು. ಕೈ ಹಾಕುವ ಮೊದಲು ಎಂಜಿನ್ ನಿಲ್ಲಿಸಿ. ವಿದ್ಯುತ್ ಫ್ಯಾನ್ ಇರುವ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಅದು ತಾನಾಗಿ ತಿರುಗಬಹುದು.

ಬೆಳೆಗಾರ ಬಾಂಧವರು ಮುಂಗಾರಿಗೆ ಮೊದಲು ಮನೆಯಲ್ಲಿರುವ ಹಳೆಯ ಹ್ಯಾಂಡ್ ಲ್ಯಾಂಪನ್ನು ಒಮ್ಮೆ ಹೊರತೆಗೆದು ವೈರು, ಹೋಲ್ಡರು, ಜಾಲರಿಗಳನ್ನು ಪರೀಕ್ಷಿಸಬೇಕಾಗಿ ಕೋರುತ್ತೇವೆ. ವೈರು ಸೀಳಿದ್ದರೆ ಟೇಪು ಸುತ್ತಿ ಮತ್ತೆ ಮೂಲೆಗಿಡಬೇಡಿ, ತುಂಡರಿಸಿ ಎಸೆಯಿರಿ. ಇಲ್ಲವಾದರೆ ಕತ್ತಲಲ್ಲಿ ಆತುರ ಬಿದ್ದ ದಿನ ಮನೆಯ ಹುಡುಗರ ಕೈಗೆ ಅದೇ ಸಿಗುತ್ತದೆ.